ಬರ್ಗಮಾಟ್ ಗಿಡ ಹುಡುಕುವ ಮೊದಲು ಹಿತ್ತಲಿನ ಕಂಚಿ ಕೊಯ್ಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬರ್ಗಮಾಟ್ ಹಣ್ಣಿನ ಬಗ್ಗೆ ಬಂದ ಬರಹ ಓದಿದೆ. ಚಿತ್ರ ಚೆನ್ನಾಗಿತ್ತು. ಮನೆಯಲ್ಲೇ ಗಿಡ ನೆಡಿ, ಹಣ್ಣು ಕೊಯ್ದು ಅಡುಗೆಗೆ ಬಳಸಿ ಎಂಬ ಸಲಹೆಯೂ ಇತ್ತು. ಅದನ್ನು ಓದಿ ನಮ್ಮ ಶಿರ್ವದಲ್ಲೇ ಕೆಲವರು "ಬಾಯಮ್ಮ, ಆ ಗಿಡ ಎಲ್ಲಿ ಸಿಗ್ತದೆ?" ಎಂದು ನನ್ನನ್ನು ಹಿಡಿದುಕೊಂಡರು. ನನ್ನನ್ನೇ ಕೇಳಲು ಕಾರಣ ಉಂಟು. ಊರಿನವರು ಗಲ್ಫಿಗೆ ಹೋದರೆ ನಾನು ಹೋದದ್ದು ಇಟಲಿಗೆ. ಅದೂ ರೋಮ್, ಮಿಲಾನ್ ಅಲ್ಲ, ದಕ್ಷಿಣದ ತುದಿಯ ರೆಜ್ಜೊ ಕಲಾಬ್ರಿಯಾ ಕಡೆಗೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದೆ. ಜಗತ್ತಿನ ಬರ್ಗಮಾಟ್‌ನಲ್ಲಿ ಹೆಚ್ಚಿನ ಪಾಲು ಬರುವುದು ಆ ಊರಿನ ಕರಾವಳಿಯ ಸಪೂರ ಪಟ್ಟಿಯಿಂದಲೇ.

ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ. ಗಿಡ ಹುಡುಕಬೇಡಿ. ಹಿತ್ತಲಲ್ಲಿ ಕಂಚಿ ಮರ ಇದ್ದರೆ ಮೊದಲು ಅದರ ಹಣ್ಣು ಕೊಯ್ಯಿರಿ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬರ್ಗಮಾಟ್ ಅಂದರೆ ಲಿಂಬೆ ಮತ್ತು ಹುಳಿ ಕಿತ್ತಳೆ ಬೆರೆತು ಹುಟ್ಟಿದ ಹಣ್ಣು. ಗಾತ್ರ ಸಾಧಾರಣ ಕಿತ್ತಳೆಯಷ್ಟು. ಸಿಪ್ಪೆ ನುಣುಪು, ತುದಿಯಲ್ಲಿ ಕೆಲವಕ್ಕೆ ಸಣ್ಣ ಮೊಟ್ಟು. ರಸ ಹುಳಿ, ಜೊತೆಗೆ ಕಹಿ. ಕಿತ್ತಳೆ ಹಾಗೆ ಸುಲಿದು ತಿನ್ನುವ ಹಣ್ಣಲ್ಲ. ಅದರ ಬೆಲೆಯೆಲ್ಲ ಸಿಪ್ಪೆಯಲ್ಲಿದೆ. ಒಂದು ಕಿಲೋ ಎಣ್ಣೆ ತೆಗೆಯಲು ಸುಮಾರು 200 ಕಿಲೋ ಹಣ್ಣು ಬೇಕು. ಜರ್ಮನಿಯ ಕಲೋನ್ ನಗರದಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ಅತ್ತರಿಗೂ ಅದೇ ಎಣ್ಣೆ, ಸೂಪರ್‌ಮಾರ್ಕೆಟ್‌ನಲ್ಲಿ ನಾವು ದುಡ್ಡು ಸುರಿದು ತರುವ ಅರ್ಲ್ ಗ್ರೇ ಚಹಾಪುಡಿಗೂ ಅದೇ ಪರಿಮಳ. ನಮ್ಮ ಮಟ್ಟು ಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಊರಿನ ಹೆಸರಿನ ಜಿಐ ಗುರುತು ಸಿಕ್ಕಿದೆಯಲ್ಲ, ಅಂಥದ್ದೇ ಒಂದು ಗುರುತನ್ನು ಯುರೋಪಿನವರು 2001ರಲ್ಲಿ ರೆಜ್ಜೊದ ಬರ್ಗಮಾಟ್ ಎಣ್ಣೆಗೆ ಕೊಟ್ಟಿದ್ದಾರೆ.

ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯ ಮನೆ ಮೆಲಿಟೊ ಎಂಬ ಊರಿನ ಹತ್ತಿರ. ಮನೆಯ ಹಿಂದೆ ಹತ್ತಾರು ಬರ್ಗಮಾಟ್ ಮರ. ಅಜ್ಜಿಗೆ ನಡೆಯಲು ಆಗುತ್ತಿರಲಿಲ್ಲ, ಆದರೆ ಕಣ್ಣು, ಬಾಯಿ ಎರಡೂ ಚುರುಕು. ಕುರ್ಚಿಯನ್ನು ಮರದ ಬುಡಕ್ಕೆ ತಂದಿಡಬೇಕು. ಅಲ್ಲಿಂದ ಕೈಕೋಲು ತೋರಿಸಿ "ಅದು ಕೊಯ್ಯಿ, ಇದು ಬೇಡ" ಎಂದು ಹೇಳುತ್ತಿದ್ದರು. ನವೆಂಬರಿನಲ್ಲಿ ಹಣ್ಣು ಇನ್ನೂ ಹಸಿರು. ಆಗ ಪರಿಮಳ ಜಾಸ್ತಿ, ರಸ ಕಡಿಮೆ. ಜನವರಿ, ಫೆಬ್ರವರಿಗೆ ಹಳದಿಯಾಗುತ್ತದೆ, ರಸ ಹೆಚ್ಚುತ್ತದೆ, ಸಿಪ್ಪೆಯ ಚುರುಕು ತಗ್ಗುತ್ತದೆ. ಚಹಾಕ್ಕೆ ಹಸಿರು ಹಣ್ಣಿನ ಸಿಪ್ಪೆ, ಮಾರ್ಮಲೇಡಿಗೆ ಹಳದಿ. ಇದು ಅಜ್ಜಿಯ ಕಾನೂನು.

ಕೊಯ್ಯುವುದಕ್ಕೂ ಕ್ರಮ ಉಂಟು. ಎಳೆಯಬಾರದು, ತಿರುಚಬಾರದು. ಎಳೆದರೆ ತೊಟ್ಟಿನ ಜಾಗದಲ್ಲಿ ಸಿಪ್ಪೆ ಹರಿದು ಬರುತ್ತದೆ, ಅಲ್ಲಿಂದಲೇ ಕೊಳೆ ಶುರು. ಮೊದಲು ಕತ್ತರಿಯಲ್ಲಿ ತೊಟ್ಟು ಉದ್ದ ಬಿಟ್ಟು ಕತ್ತರಿಸಬೇಕು. ಆಮೇಲೆ ಹಣ್ಣನ್ನು ಕೈಯಲ್ಲಿ ಹಿಡಿದು, ತೊಟ್ಟನ್ನು ಬುಡಕ್ಕೆ ಸರಿಯಾಗಿ ಇನ್ನೊಮ್ಮೆ ಕತ್ತರಿಸಬೇಕು. ಇಲ್ಲದಿದ್ದರೆ ಬುಟ್ಟಿಯಲ್ಲಿ ಆ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಮಳೆ ಬಂದ ಮರುದಿನ ಕೊಯ್ಯುವಂತಿಲ್ಲ. ಒದ್ದೆ ಸಿಪ್ಪೆ ಮುಟ್ಟಿದರೆ ಸಾಕು ಕಲೆ ಬೀಳುತ್ತದೆ. ನಮ್ಮಲ್ಲಿ ಕಂಚಿಯನ್ನು ಹೇಗೆ ಕೊಯ್ಯುತ್ತೇವೆ ನೋಡಿ. ದೋಟಿ ಹಾಕಿ ಜಗ್ಗುವುದು, ಧೊಪ್ಪೆಂದು ಮುರಕಲ್ಲಿನ ಮೇಲೆ ಬೀಳಿಸುವುದು, ಎರಡು ದಿನ ಬಿಟ್ಟು "ಛೆ, ಕಂಚಿ ಬಾಳಿಕೆ ಬರುವುದಿಲ್ಲ ಮಾರಾಯ್ರೆ" ಎನ್ನುವುದು. ಬಿದ್ದು ಜಜ್ಜಿಹೋದದ್ದು ಬಾಳಿಕೆ ಬರುತ್ತದಾ?

ಇನ್ನು ಗಿಡದ ವಿಷಯ. ನಿಮ್ಮ ಬರಹಕ್ಕಿಂತ ಮುಂಚೆಯೇ ನನ್ನ ತಮ್ಮ ಮಂಗಳೂರಿನ ಒಂದು ನರ್ಸರಿಯಿಂದ 'ಬರ್ಗಮಾಟ್' ಎಂದು ಒಳ್ಳೆಯ ಬೆಲೆ ಕೊಟ್ಟು ಗಿಡ ತಂದಿದ್ದ. ಕಾರಿನಿಂದ ಇಳಿಸುವಾಗಲೇ ಎಲೆ ನೋಡಿದೆ. ಒಂದರ ತಲೆಗೆ ಇನ್ನೊಂದು ಅಂಟಿಸಿದ ಹಾಗೆ ಜೋಡಿ ಎಲೆ. ಅದು ಥಾಯ್ ಅಡುಗೆಯವರು ಎಲೆಗಾಗಿ ಬೆಳೆಸುವ ಮಕ್ರೂಟ್ ಲಿಂಬೆ. ಕಾಯಿ ಬಿಟ್ಟರೆ ಮೈಯೆಲ್ಲ ಗುಳ್ಳೆ ಗುಳ್ಳೆ, ರಸ ಹೆಸರಿಗೆ ಮಾತ್ರ. ಎಲೆ ಒಳ್ಳೆಯದೇ, ಮೀನಿನ ಸಾರಿಗೆ ಹಾಕಿ ನೋಡಿದ್ದೇವೆ, ಚೆನ್ನಾಗಿರುತ್ತದೆ. ಆದರೆ ಅದು ಬರ್ಗಮಾಟ್ ಅಲ್ಲ. ಕೇಳಿದರೆ ನರ್ಸರಿಯವರು "ಎರಡೂ ಒಂದೇ ಅಕ್ಕ" ಎಂದರು. ಆನ್‌ಲೈನಲ್ಲಿ ಬರ್ಗಮಾಟ್ ಬೀಜ ಎಂದು ಮಾರುವ ಪ್ಯಾಕೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ಪುದೀನ ಜಾತಿಯ ಒಂದು ಹೂವಿನ ಗಿಡ. ಅಸಲಿ ಬರ್ಗಮಾಟನ್ನು ಅಲ್ಲಿ ಹುಳಿ ಕಿತ್ತಳೆಯ ಬೇರಿನ ಮೇಲೆ ಕಸಿ ಕಟ್ಟಿ ಬೆಳೆಸುತ್ತಾರೆ. ಬೀಜ ಬಿತ್ತಿ ತೋಟ ಮಾಡಿದವರನ್ನು ನಾನು ಅಲ್ಲಿ ಕಂಡಿಲ್ಲ.

ಸರಿಯಾದ ಗಿಡ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ನಮ್ಮ ಮಳೆಗೆ ಏನು ಮಾಡುತ್ತೀರಿ? ರೆಜ್ಜೊದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ ಒಣ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದೂ ಹೆಚ್ಚುಕಮ್ಮಿ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಲಿಂಬೆ ಜಾತಿಯ ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಕಾಂಡದಿಂದ ಅಂಟು ಸೋರುತ್ತದೆ. ಎಲೆ, ಕಾಯಿ ಮೇಲೆ ಕಜ್ಜಿಯ ಹಾಗೆ ಕಂದು ಕಲೆ ಏಳುತ್ತದೆ. ದೊಡ್ಡ ಕುಂಡದಲ್ಲಿ ನೆಟ್ಟು, ಮಳೆಗಾಲದಲ್ಲಿ ಮಾಡಿನ ಅಡಿಗೆ ಎಳೆದುಕೊಳ್ಳುವ ತಾಳ್ಮೆ ಇದ್ದವರು ಬೇಕಾದರೆ ಮಾಡಲಿ. ನನಗಿಲ್ಲ. ಕಂಚಿ ಮರ ಇದೇ ಮಳೆಯಲ್ಲಿ, ಇದೇ ಮುರ ಮಣ್ಣಿನಲ್ಲಿ, ಯಾರೂ ಗೊಬ್ಬರ ಹಾಕದೆ ಅಡಿಕೆ ತೋಟದ ಮೂಲೆಯಲ್ಲಿ ನಿಂತಿರುತ್ತದೆ.

ಕಂಚಿಯ ಪರಿಮಳ ಬರ್ಗಮಾಟ್ ಪರಿಮಳ ಅಲ್ಲ, ಅದು ನನಗೂ ಗೊತ್ತು. ಬರ್ಗಮಾಟ್‌ಗೆ ಹೂವಿನ ವಾಸನೆ ಜಾಸ್ತಿ. ಕಂಚಿಗೆ ಕಹಿಯ ಚುರುಕು ಜಾಸ್ತಿ. ಆದರೆ ಅಜ್ಜಿಯ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದನ್ನೆಲ್ಲ ನಾನು ಇಲ್ಲಿ ಕಂಚಿಯಲ್ಲಿ ಮಾಡುತ್ತೇನೆ, ನಡೆಯುತ್ತದೆ. ಉಪ್ಪಿನಕಾಯಿ ಎಲ್ಲರಿಗೂ ಗೊತ್ತು, ಅದರ ಸುದ್ದಿ ಬೇಡ. ನಾನು ಹೇಳುವುದು ನಾವು ಬಿಸಾಡುವ ಸಿಪ್ಪೆಯ ಬಗ್ಗೆ.

ಮೊದಲು ಮೀನು. ಅಲ್ಲಿ ಕತ್ತಿಮೀನಿನ ತುಂಡನ್ನು ಕೆಂಡದ ಮೇಲೆ ಸುಟ್ಟು, ಆಲಿವ್ ಎಣ್ಣೆ ಸವರಿ, ಬರ್ಗಮಾಟ್ ರಸ ನಾಲ್ಕು ಹನಿ ಹಿಂಡುತ್ತಾರೆ. ಇಲ್ಲಿ ಅಂಜಲ್ ಇದೆಯಲ್ಲ. ಉಪ್ಪು, ಕಾಳುಮೆಣಸು ಮಾತ್ರ ಹಚ್ಚಿ ಕಾವಲಿಯಲ್ಲಿ ಬೇಯಿಸಿ. ಒಲೆಯಿಂದ ಇಳಿಸಿದ ಮೇಲೆ ಕಂಚಿಯ ಹೊರಸಿಪ್ಪೆ ತುರಿದು ಉದುರಿಸಿ. ಮೊದಲೇ ಹಾಕಬೇಡಿ, ಪರಿಮಳ ಹೊಗೆಯ ಜೊತೆ ಹೋಗುತ್ತದೆ. ತುರಿಯುವಾಗ ಬಣ್ಣದ ಪದರ ಮಾತ್ರ ಬರಬೇಕು. ಅದರ ಅಡಿಯ ಬಿಳಿ ಭಾಗ ತುರಿಮಣೆಗೆ ಸಿಕ್ಕಿದರೆ ಕಹಿ. ಹಣ್ಣನ್ನು ತಿರುಗಿಸುತ್ತ ಒಂದು ಜಾಗದಲ್ಲಿ ಒಂದೇ ಸಲ ತುರಿಯಬೇಕು. ಎಣ್ಣೆ ಹೇಗೆ ಇದೆ ಎಂದು ನೋಡಬೇಕಾದರೆ ಸಿಪ್ಪೆಯ ತುಂಡನ್ನು ಮೇಣದಬತ್ತಿಯ ಹತ್ತಿರ ಮಡಚಿ ಹಿಸುಕಿ. ಚಿರ್ರೆಂದು ಸಣ್ಣ ಕಿಡಿ ಹಾರುತ್ತದೆ. ಮಕ್ಕಳಿಗೆ ತೋರಿಸಿದರೆ ಮತ್ತೆ ಮತ್ತೆ ಮಾಡಿ ಎನ್ನುತ್ತಾರೆ.

ಆಮೇಲೆ ಚಹಾ. ಹೊರಸಿಪ್ಪೆಯನ್ನು ತೆಳ್ಳಗೆ ಕೆತ್ತಿ, ನೆರಳಲ್ಲಿ ಗರಿಗರಿ ಒಣಗಿಸಿ, ಚಹಾಪುಡಿಯ ಡಬ್ಬಿಯಲ್ಲಿ ಸೇರಿಸಿ ಮುಚ್ಚಿಡಿ. ವಾರ ಕಳೆದರೆ ಪುಡಿಗೆ ವಾಸನೆ ಹತ್ತಿರುತ್ತದೆ. ಇದರಲ್ಲಿ ಕಣ್ಣ ಚಾ ಮಾಡಿ, ಹಾಲು ಬೇಡ. ಬ್ರಿಟನ್ನಿನಲ್ಲಿ 1830ರಿಂದ 1834ರ ತನಕ ಪ್ರಧಾನಿಯಾಗಿದ್ದ ಅರ್ಲ್ ಗ್ರೇ ಅವರ ಹೆಸರಿನ ಚಹಾಕ್ಕೆ ಕೊಡುವ ದುಡ್ಡು ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಕ್ರಿಸ್ಮಸ್ ಕೇಕಿನ ಸಿಪ್ಪೆ. ಅಂಗಡಿಯಲ್ಲಿ ಕೆಂಪು, ಹಸಿರು ಬಣ್ಣ ಹಾಕಿ ಕೊಡುವ ಟೂಟಿ ಫ್ರೂಟಿ ಪಪ್ಪಾಯಿ ಕಾಯಿ. ಅದಕ್ಕೆ ರುಚಿ ಎಲ್ಲಿಂದ ಬರಬೇಕು? ಕಂಚಿ ಸಿಪ್ಪೆಯನ್ನು ಬಿಳಿ ಭಾಗದ ಜೊತೆಗೇ ಬೆರಳಗಲ ಸೀಳಿ. ಇಲ್ಲಿ ಬಿಳಿ ಭಾಗ ಬೇಕು, ಸಕ್ಕರೆ ಹೀರುವುದು ಅದೇ. ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಹೊಸ ನೀರಲ್ಲಿ ಕುದಿಸಿ ಚೆಲ್ಲಿ, ಹೀಗೆ ಮೂರು ಸಲ. ಕಹಿ ಪೂರ್ತಿ ಹೋಗಬಾರದು, ನಾಲಿಗೆಯ ತುದಿಗೆ ಒಂಚೂರು ಉಳಿಯಬೇಕು. ಆಮೇಲೆ ಸಿಪ್ಪೆ ತೂಗಿ, ಅಷ್ಟೇ ತೂಕದ ಸಕ್ಕರೆ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಆಗುವುದಿಲ್ಲ. ಸಿಪ್ಪೆ ಗಾಜಿನ ಹಾಗೆ ಪಾರದರ್ಶಕವಾದಾಗ ತೆಗೆದು, ಮೊರದ ಮೇಲೆ ಬಟ್ಟೆ ಹಾಸಿ ಹರಡಿ. ಇರುವೆ ಕಾಯುವ ಕೆಲಸ ಮಾತ್ರ ನಿಮ್ಮದೇ. ಡಿಸೆಂಬರಿನ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆಯಲ್ಲಿ ನೆವ್ರಿ, ಕಿಡಿಯೊ ಪಕ್ಕದಲ್ಲಿ ಇದನ್ನೂ ನಾಲ್ಕು ಇಡುತ್ತೇನೆ. ಮೊದಲು ಖಾಲಿಯಾಗುವುದು ಇದೇ ಎಂದು ಹೇಳಿದರೆ ಜಂಬ ಎನ್ನಬೇಡಿ.

ಉಳಿದ ರಸಕ್ಕೆ ಪಕ್ಕದ ಭಟ್ರ ಮನೆಯ ಅಕ್ಕನ ಗೊಜ್ಜು ಇದ್ದೇ ಇದೆ. ನಮ್ಮ ಕಂಚಿಯೂ ಅವರ ಮರದ್ದೇ. ರಸಕ್ಕೆ ಬೆಲ್ಲ, ಉಪ್ಪು, ಜಜ್ಜಿದ ಹಸಿಮೆಣಸು ಹಾಕಿ ಕದಡಿ, ಸಾಸಿವೆ, ಇಂಗಿನ ಒಗ್ಗರಣೆ ಕೊಡುತ್ತಾರೆ. ಕುದಿಸುವುದಿಲ್ಲ. ಕುಚ್ಚಲಕ್ಕಿ ಗಂಜಿಗೆ ಅದಿದ್ದರೆ ಬೇರೆ ಏನೂ ಬೇಡ. ಬದಲಿಗೆ ನಾನು ಸಿಪ್ಪೆ ಮುರಬ್ಬ ಕೊಡುತ್ತೇನೆ.

ನಿಮ್ಮ ಬರಹದಲ್ಲಿ ಇಲ್ಲದ ಎರಡು ಮಾತು ಹೇಳಲೇಬೇಕು. ಬರ್ಗಮಾಟ್ ಸಿಪ್ಪೆಯಲ್ಲಿ ಬರ್ಗಾಪ್ಟೆನ್ ಎಂಬ ಅಂಶ ಇದೆ. ಅದರ ಎಣ್ಣೆ, ರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗುತ್ತದೆ, ಕಪ್ಪು ಕಲೆ ಉಳಿಯುತ್ತದೆ. ತೋಟದ ಕೆಲಸದ ಹುಡುಗನ ಮುಂಗೈ ಮೇಲೆ ಅಂಥ ಪಟ್ಟೆಗಳನ್ನು ನೋಡಿದ್ದೇನೆ. ಲಿಂಬೆ ರಸದಿಂದಲೂ ಹೀಗೆ ಆಗುವುದುಂಟು. ಹಾಗಾಗಿ ಹಣ್ಣು ಹಿಂಡಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಅಂಗಳಕ್ಕೆ ಇಳಿಯಿರಿ. ಮುಖಕ್ಕೆ ಹಚ್ಚಿ ಬಿಸಿಲಲ್ಲಿ ಕೂರುವ ಸೌಂದರ್ಯ ಪ್ರಯೋಗವಂತೂ ಬೇಡವೇ ಬೇಡ. ಎರಡನೆಯದು ಮಾತ್ರೆ. ದ್ರಾಕ್ಷಿಹಣ್ಣು ಎಂದು ತಪ್ಪು ತಿಳಿಯಬೇಡಿ, ಗ್ರೇಪ್‌ಫ್ರೂಟ್ ಎಂಬ ಚಕ್ಕೋತದಂಥ ಹಣ್ಣು ಕೆಲವು ಕೊಲೆಸ್ಟರಾಲ್ ಮಾತ್ರೆಗಳ ಜೊತೆ ಹೊಂದುವುದಿಲ್ಲ ಎಂದು ಡಾಕ್ಟರರು ಹೇಳುತ್ತಾರೆ. ಅದಕ್ಕೆ ಕಾರಣವಾಗುವ ಅಂಶಗಳಲ್ಲಿ ಒಂದು ಬರ್ಗಮಾಟ್‌ನಲ್ಲೂ ಇದೆ. ಕೇಕಿನ ತುಂಡಿಗೆ ಹೆದರಬೇಕಾಗಿಲ್ಲ. ದಿನಾ ಲೋಟಗಟ್ಟಲೆ ರಸ ಕುಡಿಯುವ ಯೋಚನೆ ಇದ್ದವರು ಡಾಕ್ಟರರನ್ನು ಕೇಳಿಯೇ ಕುಡಿಯಲಿ.

ಈಗ ನನ್ನ ಕೋರಿಕೆ. ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿ ಹೂವಿನ ಆನೆ, ಹೂವಿನ ದೋಣಿ ನೋಡಲು ಜನ ಮುಗಿಬೀಳುತ್ತಾರೆ. ಒಂದು ಮೇಜಿನ ಮೇಲೆ ನಮ್ಮೂರಿನ ಕಂಚಿ, ಗಜಲಿಂಬೆ, ಮಾದಲ, ಹೇರಳೆ ಇಟ್ಟು, ಎಲೆ ಸಮೇತ ತೋರಿಸಿದರೆ ತೋಟಗಾರಿಕೆ ಇಲಾಖೆಗೆ ಖರ್ಚೇನು? ಕಸಿ ಗಿಡವನ್ನೂ ಪಕ್ಕದಲ್ಲಿಟ್ಟು ಮಾರಿದರೆ ಇನ್ನೂ ಒಳ್ಳೆಯದು. ಯಾವ ಗಿಡ ಯಾವುದು ಎಂದು ಎಲೆ ನೋಡಿ ಹೇಳುವಷ್ಟು ಜನರಿಗೆ ಬಂದರೆ ನರ್ಸರಿಯವರೂ ಸುಮ್ನೆ ಏನೋ ಒಂದು ಚೀಟಿ ಅಂಟಿಸಿ ಮಾರುವುದಿಲ್ಲ, ಅಲ್ವಾ?

ನಿಮ್ಮ ಪುರವಣಿಯಲ್ಲೂ ಮಳೆ ಮುಗಿದ ಮೇಲೆ ಕಂಚಿಗೆ ಒಂದು ಪುಟ ಕೊಡಿ. ಗೊಜ್ಜಿನ ಅಳತೆಯನ್ನು ಪೂರ್ತಿ ಬರೆದು ಕಳುಹಿಸಲು ನಾನು ತಯಾರು. ಭಟ್ರ ಮನೆಯ ಅಕ್ಕನ ಒಪ್ಪಿಗೆ ಕೇಳಿಯಾಗಿದೆ. ಬೆಲ್ಲ ಎಷ್ಟು ಎನ್ನುವುದನ್ನು ಮಾತ್ರ ಅವರು ಇನ್ನೂ ಸರಿಯಾಗಿ ಹೇಳಿಲ್ಲ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ಶಿರ್ವ, ಉಡುಪಿ ಜಿಲ್ಲೆ