ಎಸ್ತೇರಳ ಹಬ್ಬಕ್ಕೆ ಕಿವಿಯೇ ಮುಖ್ಯ

ಮಾನ್ಯರೇ,

ಹೋಳಿ ಹುಣ್ಣಿಮೆ ಹತ್ತಿರವಾದಾಗ ಪೂರೀಮನ್ನು ‘ಯಹೂದಿಗಳ ಹೋಳಿ’ ಎಂದು ಪರಿಚಯಿಸುವುದುಂಟು. ಹೋಲಿಕೆಗೆ ಕಾರಣವಿದೆ. ಪೂರೀಮ್ ಬರುವುದು ಯಹೂದಿ ಪಂಚಾಂಗದ ಅದಾರ್ ತಿಂಗಳ 14ರಂದು, ಹುಣ್ಣಿಮೆಯ ಆಸುಪಾಸಿನಲ್ಲಿ. 2025ರಲ್ಲಿ ಎರಡೂ ಮಾರ್ಚ್ 14ಕ್ಕೇ ಬಿದ್ದವು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಅದನ್ನು ‘ಹೋಳಿಚಾ ಸಣ್’ ಎಂದೇ ಕರೆಯುತ್ತಿದ್ದರು. ಆದರೆ ವೇಷ, ಗದ್ದಲಗಳ ವರ್ಣನೆಗೇ ಮಾತು ನಿಂತರೆ ಹಬ್ಬದ ಕಥೆಯ ನಾಯಕಿ, ಪರ್ಷಿಯದ ಅರಸನ ಯಹೂದಿ ಪತ್ನಿ ಎಸ್ತೇರ್ ರಾಣಿ ಮರೆಯಾಗುತ್ತಾಳೆ.

ಕರೆಯದೆ ಅರಸನ ಮುಂದೆ ಹೋದವರಿಗೆ ಮರಣವೇ ಶಿಕ್ಷೆ. ಅರಸ ಚಿನ್ನದ ರಾಜದಂಡ ಚಾಚಿದರೆ ಮಾತ್ರ ಜೀವ ಉಳಿದೀತು. ಅವಳಿಗೋ ಮೂವತ್ತು ದಿನದಿಂದ ಕರೆ ಬಂದಿರಲಿಲ್ಲ. ತನ್ನ ಜನರೊಂದಿಗೆ ಮೂರು ದಿನ ಉಪವಾಸವಿದ್ದು ಒಳಗೆ ಹೋದಳು. ಹೋದವಳು ಒಡನೆ ಬಾಯಿಬಿಡಲಿಲ್ಲ. ಎರಡು ಔತಣ ಮಾಡಿಸಿ, ಎರಡನೆಯದರಲ್ಲಿ, ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟಿದ್ದ ಮಂತ್ರಿ ಹಾಮಾನನ ಎದುರಿಗೇ ಅವನ ಸಂಚು ಹೇಳಿದಳು. ಧೈರ್ಯದಷ್ಟೇ ಈ ತಾಳ್ಮೆಯೂ ದೊಡ್ಡದು.

ಈ ಕಥೆಯ 10 ಅಧ್ಯಾಯಗಳನ್ನು ರಾತ್ರಿ ಒಮ್ಮೆ, ಹಗಲು ಒಮ್ಮೆ ಪೂರ್ತಿ ಓದುತ್ತಾರೆ. ಓದುವವನ ಮುಂದೆ ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಕೈಯಾರೆ ಬರೆದ ಸುರುಳಿ ಇರಬೇಕು; ಅಚ್ಚಿನ ಪುಸ್ತಕ ಸಲ್ಲದು, ಬಾಯಿಪಾಠವೂ ಸಲ್ಲದು. ಸುರುಳಿಯನ್ನು ಬಿಚ್ಚಿ ಓಲೆಯಂತೆ ಮಡಿಸಿಕೊಳ್ಳುತ್ತಾರೆ, ಏಕೆಂದರೆ ಎಸ್ತೇರ್ ಮತ್ತು ಅವಳನ್ನು ಸಾಕಿದ ಬಂಧು ಮೊರ್ದೆಕೈ ಊರೂರಿಗೆ ಕಳಿಸಿದ್ದೂ ಓಲೆಯನ್ನೇ. ಹಾಮಾನನ ಹತ್ತು ಮಕ್ಕಳ ಹೆಸರು ಒಂದೇ ಉಸಿರಿನಲ್ಲಿ ಮುಗಿಯಬೇಕು.

ಎಡವಟ್ಟಾಗುವುದು ಹಾಮಾನನ ಹೆಸರಿನಲ್ಲೇ. ಅದು 50ಕ್ಕೂ ಹೆಚ್ಚು ಸಲ ಬರುತ್ತದೆ. ಬಂದಾಗ ಗಿಲಕಿ ತಿರುಗಿಸಿ, ಕಾಲು ಅಪ್ಪಳಿಸಿ ಹೆಸರನ್ನು ಅಳಿಸುವಂತೆ ಸದ್ದು ಮಾಡುತ್ತಾರೆ. ಸದ್ದು ಅಡಗುವ ಮೊದಲೇ ಓದು ಮುಂದುವರಿದರೆ ಮುಂದಿನ ಪದ ತಪ್ಪುತ್ತದೆ, ಪ್ರತಿ ಪದವೂ ಕಿವಿಗೆ ಬಿದ್ದರೇ ಕೇಳಿದಂತೆ. ಅದಕ್ಕೇ ಅನೇಕರು ಪುಸ್ತಕ ಹಿಡಿದು, ತಪ್ಪಿದ ಪದಗಳನ್ನು ತಾವೇ ಓದಿಕೊಂಡು ಓದುವವನ ಜೊತೆ ಕೂಡಿಕೊಳ್ಳುತ್ತಾರೆ.

ಇನ್ನು ಹಗಲಿನ ಕರ್ತವ್ಯ. ಒಬ್ಬರಿಗಾದರೂ ಎರಡು ಬಗೆಯ ತಿನಿಸು ಕಳಿಸಬೇಕು, ಅದೂ ಹಾಗೆಯೇ ತಿನ್ನುವಂಥದ್ದು. ಅಕ್ಕಿ ಮೂಟೆ ಆಗದು. ಕನಿಷ್ಠ ಇಬ್ಬರು ಬಡವರಿಗೆ ದಾನ ಕೊಡಬೇಕು, ಅದು ಆ ಹಗಲೇ ಕೈಸೇರಬೇಕು. ಔತಣಕ್ಕಿಂತ, ತಿನಿಸಿಗಿಂತ ದಾನಕ್ಕೇ ಹೆಚ್ಚು ಖರ್ಚು ಮಾಡಬೇಕೆಂದು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಬರೆದಿದ್ದಾನೆ. ಹಬ್ಬದ ಬರಹಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ, ದಯವಿಟ್ಟು ಇದಕ್ಕೂ ಜಾಗ ಕೊಡಿ.

ದಿನಾಂಕದಲ್ಲೂ ಎಚ್ಚರ ಬೇಕು. ನಮ್ಮ ಅಧಿಕ ಮಾಸದಂತೆ 2027ರಲ್ಲಿ ಅದಾರ್ ಎರಡು ಸಲ ಬರುತ್ತದೆ. ಹಬ್ಬ ಎರಡನೆಯದರಲ್ಲಿ, ಮಾರ್ಚ್ 22ರ ಸೂರ್ಯಾಸ್ತದಿಂದ 23ರ ಸೂರ್ಯಾಸ್ತದವರೆಗೆ. ಜೆರುಸಲೇಮಿನಲ್ಲಿ ಒಂದು ದಿನ ತಡವಾಗಿ.

— ಓದುಗರು, ಧಾರವಾಡ