ಥಂಡರ್‌ಬರ್ಡ್ ನಿಂತಿಲ್ರಿ, ನಿಂತದ್ದು ನಮ್ಮ ವಿಂಡೋಸ್ 7

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಕಂಪ್ಯೂಟರ್ ಅಂಕಣದಾಗ ಥಂಡರ್‌ಬರ್ಡ್ ಅನ್ನೋ ಇ-ಮೇಲ್ ಸಾಫ್ಟ್‌ವೇರ್ ಈಗ ಯಾರೂ ನೋಡ್ಕೊಳ್ಳಂಗಿಲ್ಲ ಅಂತ ಒಂದ ಸಾಲಿನ್ಯಾಗ ಮುಗಿಸಿಬಿಟ್ರಿ. ನಾನು ಅಮರಗೋಳ ಎಪಿಎಂಸಿಯಾಗ ದಲಾಲಿ ಅಂಗಡಿಗಳ ಲೆಕ್ಕ ಬರಿಯಾಂವ, ಕಂಪ್ಯೂಟರ್ ಕೆಟ್ರೂ ನನ್ನನ್ನ ಕರೀತಾರ, ನಿಮ್ಮ ಪೇಪರ್ ಓದಿ ಸಾವ್ಕಾರ್ರು ಅದನ್ನ ಇವತ್ತ ತಗದ್ಹಾಕು ಅಂತ ಫೋನ್ ಹಚ್ಚಾಕತ್ತ್ಯಾರ.

ಈ ಸುದ್ದಿ ಸುಮ್ಮನ ಹುಟ್ಟಿದ್ದಲ್ಲ ಬಿಡ್ರಿ. 2012ರಾಗ ಇದನ್ನ ಮಾಡಿದ ಮೊಜಿಲ್ಲಾ ಸಂಸ್ಥೆಯವ್ರ ಇದಕ್ಕ ಇನ್ನ ಮ್ಯಾಲೆ ಹೆಚ್ಚು ಕೈ ಹಾಕಂಗಿಲ್ಲ, ರಿಪೇರಿ ಅಷ್ಟ ಅಂದಿದ್ರು, 2015ರಾಗ ಇದನ್ನ ಮೊಜಿಲ್ಲಾದಿಂದ ಬ್ಯಾರೆ ಮಾಡೋ ಮಾತೂ ಬಂದಿತ್ತು. ಆದ್ರ 2020ರಾಗ ಮೊಜಿಲ್ಲಾ ಫೌಂಡೇಶನ್ ಕೆಳಗನ ಇದಕ್ಕಂತ ಒಂದು ಕಂಪನಿ ಮಾಡಿದ್ರು, ಬಳಸೋ ಮಂದಿ ಕೊಡೋ ದೇಣಗಿ ಮ್ಯಾಲೆ ಪಗಾರದ ಡೆವಲಪರ್‌ಗಳನ್ನ ಇಟ್ಕೊಂಡು ನಡಸ್ಯಾರ. 2023ರಾಗ 115ನೇ ವರ್ಷನ್ ಬಂದಾಗ ಅದರ ಮಾರಿನ ಬದಲಾತು, 2024 ಅಕ್ಟೋಬರ್‌ದಾಗ ಆಂಡ್ರಾಯ್ಡ್ ಫೋನಿಗೂ ಬಂತು, 2025 ಮಾರ್ಚ್‌ನಿಂದ ತಿಂಗಳಿಗೊಮ್ಮೆ ಹೊಸ ವರ್ಷನ್ ಬರೋ ಸಾಲೂ ಚಾಲೂ ಮಾಡ್ಯಾರ. ಇದು ಸತ್ತ ಸಾಫ್ಟ್‌ವೇರ್ ಏನ್ರಿ?

ನಮ್ಮ ಕಡೆ ಅದು ಸತ್ತಂಗ ಕಾಣಾಕ ಕಾರಣ ಬ್ಯಾರೆ. ಅಂಗಡಿಯಾಗಿನ ಹಳೇ ಡಬ್ಬಿಗಳು ಇನ್ನೂ ವಿಂಡೋಸ್ 7 ಮ್ಯಾಲೆ ಅದಾವು, ಅದರ ಮ್ಯಾಲೆ ಥಂಡರ್‌ಬರ್ಡ್ 115ಕ್ಕ ನಿಲ್ತೈತಿ, 128 ಹಾಕಾಕ ಕಡಿಮಿ ಅಂದ್ರೂ ವಿಂಡೋಸ್ 10 ಬೇಕ. ಅಪ್‌ಡೇಟ್ ಬರೋದು ನಿಂತ ಕೂಡ್ಲೆ ಸರ್ವಿಸ್‌ಗೆ ಬಂದ ಹುಡುಗ ಕಂಪನಿನ ಮುಚ್ಚೈತಿ ಅಂತ ಹೇಳಿ ರೊಕ್ಕದ ಪ್ಯಾಕೇಜ್ ಹಚ್ಚಿ ಹೋಗ್ತಾನ, ಸಾವ್ಕಾರ್ರು ವರ್ಷಾ ವರ್ಷಾ ಕಟ್ತಾರ. ಹೆಲ್ಪ್ ಒಳಗ ಅಬೌಟ್ ಒತ್ತಿದ್ರ ವರ್ಷನ್ ನಂಬರ್ ಕಣ್ಣಿಗೆ ಬೀಳ್ತೈತ್ರಿ, ಅಷ್ಟೂ ನೋಡಂಗಿಲ್ಲ.

ನಾನೇನು ಅದರ ಏಜೆಂಟ್ ಅಲ್ಲ, ಕುಂದೂ ಅದಾವು. ಒಂದು ಫೋಲ್ಡರಿನ ಮೇಲ್ ಎಲ್ಲಾ ಒಂದ ಫೈಲಿನ್ಯಾಗ ತುಂಬತೈತಿ, ಅಳಿಸಿದ ಮೇಲ್‌ನೂ ಕಾಂಪ್ಯಾಕ್ಟ್ (ಅಳಿಸಿದ್ದನ್ನ ಫೈಲಿನಿಂದ ಪೂರ್ತಿ ತಗದು ಜಾಗ ಬಿಡಿಸೋದು) ಮಾಡೋತನಕ ಅದರಾಗ ಕುಂತಿರ್ತಾವು, ಹಿಂಗಾಗಿ ಪಟ್ಟಿ, ಇ-ವೇ ಬಿಲ್ಲಿನ ಪಿಡಿಎಫ್ ದಿನಾ ಬರೋ ಇನ್‌ಬಾಕ್ಸ್ ಉಬ್ಬಿ ಹಳೇ ಮಶೀನ್ ಏದುಸಿರು ಬಿಡ್ತೈತಿ. ಆದ್ರ ಮೇಲ್ ನಮ್ಮ ಮಶೀನಿನ್ಯಾಗ ಇರೋದಕ್ಕ ನೆಟ್ ಹೋದಾಗನೂ ಮೂರು ವರ್ಷದ ಹಿಂದಿನ ಬಿಲ್ಲು ಸಿಗ್ತೈತಿ, ಪಾಪ್ (ಮೇಲ್ ಸರ್ವರ್‌ನಿಂದ ನಮ್ಮ ಮಶೀನಿಗೆ ಇಳಿಸೋ ಪದ್ಧತಿ) ಹಾಕಿ ಇಳಿಸಿಕೊಂಡು ಸರ್ವರ್‌ದಾಗಿಂದು ಅಳಿಸಿದ್ರ ಫ್ರೀ ಮೇಲ್‌ನ 15 ಜಿಬಿ ತುಂಬೋ ಚಿಂತಿನೂ ಕಡಿಮಿ. ಡಿಸ್ಕ್ ಹೋದ್ರ ಎಲ್ಲಾ ಹೋಗ್ತೈತಿ ಅನ್ನೋದು ಖರೇ, ಬ್ಯಾಕಪ್ ಇಡಬೇಕ.

ಮುಂದಿನ ವಾರದ ಅಂಕಣದಾಗ ಆ ಸಾಲು ತಿದ್ದಿ, ವಿಂಡೋಸ್ 7 ಮಾತೂ ಎರಡು ಸಾಲು ಹಾಕ್ರಿ, ನಾನು ಇಲ್ಲಿ ಅಂಗಡಿ ಅಂಗಡಿ ತಿರುಗಿ ಹೇಳೋದು ತಪ್ಪತೈತಿ.

ಇಂತಿ,
ಒಬ್ಬ ಲೆಕ್ಕ ಬರಿಯಾಂವ, ಅಮರಗೋಳ, ಹುಬ್ಬಳ್ಳಿ