ಕಾರವಾರದಲ್ಲಿರುವ ಕೂಸಿಗೆ, ಶಿರಸಿಯಿಂದ ಅತ್ತೆ

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ಸೂಪರ್‌ವೈಸರ್ ಆಗಿ ಎರಡು ತಿಂಗಳಾಗಿಲ್ಲ, ಆಗಲೇ ಕೆಲಸ ಬಿಟ್ಟು ಬರುತ್ತೇನೆ ಅಂದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೈಕೆಳಗೆ ಇರುವ, ವಯಸ್ಸಿನಲ್ಲಿ ದೊಡ್ಡವರು ಬೇಕಂತಲೇ ನಿನ್ನ ಮಾತು ಕೇಳುವುದಿಲ್ಲ ಅಂದೆಯಲ್ಲ, ಇರಬಹುದು. ಆದರೆ ಯಾರು ಏನು ಮಾಡಬೇಕು ಅಂತ ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ?

ನಾನು ಅಡಿಕೆ ವ್ಯಾಪಾರದ ಕಡೆ ಮೇಲ್ವಿಚಾರಕಿ ಆದಾಗ ನಡೆದದ್ದು ಕೇಳು. ಸಂಸ್ಥೆಯ ಹೆಸರು ಬೇಡ. ಅಲ್ಲಿ ತೂಕಕ್ಕೆ ಒಬ್ಬರು ಹಿರಿಯರಿದ್ದರು. ಒಣಗಿಸಿ ಸುಲಿದ ಚಾಲಿ ಅಡಿಕೆಯ ಸದ್ದು ಹೇಗಿರುತ್ತದೆ ಅಂತ ನನಗೆ ಕಲಿಸಿದವರೇ ಅವರು. ಸಿಪ್ಪೆ ಸಮೇತ ಒಣಗಿಸುವ ಸಿಪ್ಪೆಗೋಟನ್ನು ಕಿವಿಯ ಹತ್ತಿರ ಅಲುಗಿಸಿ, ಇನ್ನೆಷ್ಟು ಬಿಸಿಲು ಬೇಕು ಅಂತ ಹೇಳಿಬಿಡುತ್ತಿದ್ದರು. ಒಂದು ದಿನ ಹಸಿ ಇದ್ದ ಎರಡು ಚೀಲ ಒಳ್ಳೆಯ ರಾಶಿಯ ಜೊತೆ ಸೇರಿ ಟೆಂಡರಿಗೆ ಹೋಯಿತು. ಕೊಂಡ ವ್ಯಾಪಾರಿ ಮಾಲು ಬೇಡ ಅಂದ. ಹಮಾಲರು, ಗುಮಾಸ್ತರು, ಮಾಲು ತಂದ ರೈತರು, ಎಲ್ಲರೂ ನಿಂತಿದ್ದಾಗ ನಾನು ಆ ಹಿರಿಯರಿಗೆ ಜೋರು ಮಾಡಿದೆ. ಅವರು ಏನೂ ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ ಹೊರಗೆ ಹೋದರು.

ಸಂಜೆ ವಿಚಾರಿಸಿದರೆ, ಚೀಲ ಬಿಚ್ಚಿ ನೋಡುವುದು ಗುಮಾಸ್ತನ ಕೆಲಸ ಅಂತ ಅವರು ತಿಳಿದಿದ್ದರು. ತೂಕದವರು ನೋಡೇ ನೋಡುತ್ತಾರೆ ಅಂತ ಗುಮಾಸ್ತ ಸುಮ್ಮನಿದ್ದ. ಹೇಳಬೇಕಾದವಳು ನಾನು, ನಾನು ಹೇಳಿಯೇ ಇರಲಿಲ್ಲ. ಮರುದಿನ ಅದೇ ಅಂಗಳದಲ್ಲಿ, ಅಷ್ಟೇ ಜನರ ಎದುರು ತಪ್ಪು ನನ್ನದು ಅಂದೆ. ಆದರೂ ಅವರು ಮೊದಲಿನ ಹಾಗೆ ಮಾತಾಡಲು ಒಂದು ಮಳೆಗಾಲ ಕಳೆಯಿತು.

ಅದಕ್ಕೇ ಹೇಳುತ್ತೇನೆ, ಸೋಮವಾರ ನಿನ್ನ ಕೈಕೆಳಗಿನ ಆರೂ ಜನರನ್ನು ಒಟ್ಟಿಗೆ ಕೂರಿಸಿ ಒಂದು ಹಾಳೆಯಲ್ಲಿ ಬರೆ. ಯಾರು ಏನು ಮಾಡುತ್ತಾರೆ, ಯಾರು ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ ಅಂತ. ದೊಡ್ಡವರನ್ನು ಮೊದಲು ಕೇಳು, ಅವರಿಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ. ಯಾರಿಗಾದರೂ ತಪ್ಪು ತೋರಿಸಬೇಕು ಅಂದರೆ ಬಾಗಿಲು ಹಾಕಿಕೊಂಡು ತೋರಿಸು.

ಕಾರವಾರದ ಮ್ಯಾನೇಜರ್ ಒಂದು ಹೇಳುತ್ತಾರೆ, ಬೆಂಗಳೂರಿನವರು ಇನ್ನೊಂದು ಕಳಿಸುತ್ತಾರೆ ಅಂದೆ. ಎರಡಕ್ಕೂ ಹೂಂ ಅನ್ನಬೇಡ. ಇಬ್ಬರಿಗೂ ಒಂದೇ ಮೇಲ್ ಹಾಕಿ, ಇವತ್ತು ಯಾವುದು ಮೊದಲು ಅಂತ ಅವರಿಂದಲೇ ಹೇಳಿಸು.

ಇನ್ನು ನಿಮ್ಮಲ್ಲಿ ಕೆಲಸ ಮಾಡುವ ಆ ಹುಡುಗಿಯ ವಿಷಯ. ಇದು ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. ನಿಮ್ಮಲ್ಲಿನ ಒಬ್ಬ ಹಿರಿಯ ನೌಕರ ಮೈಮೇಲೆ ಬಂದು ನಿಲ್ಲುತ್ತಾನೆ, ರಾತ್ರಿ ಮೆಸೇಜ್ ಮಾಡುತ್ತಾನೆ ಅಂತ ಅವಳು ನಿನ್ನ ಹತ್ತಿರ ಹೇಳಿದ್ದಾಳೆ. ನೀನು ಇಬ್ಬರನ್ನೂ ಕರೆದು ಮಾತಾಡಿಸಿ ಸರಿ ಮಾಡುತ್ತೇನೆ ಅಂದೆ. ಬೇಡ ಕೂಸೇ. ಅದನ್ನು ಜಗಳ ಅಂತ ನೋಡಬೇಡ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆಯೇ ಇದೆ. 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಹೆಂಗಸೇ ಆಗಿರಬೇಕು, ಹೊರಗಿನವರು ಒಬ್ಬರು ಇರಬೇಕು. ನಿಮ್ಮಲ್ಲಿ ಮೂವತ್ತು ಜನ ಇದ್ದೀರಿ, ಸಮಿತಿಯಲ್ಲಿ ಯಾರಿದ್ದಾರೆ ಅಂತ ನಾಳೆಯೇ ಕೇಳು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರಿಗೆ, ಇಲ್ಲವೇ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇರುತ್ತದೆ.

ದೂರು ಬರವಣಿಗೆಯಲ್ಲಿ ಇರಬೇಕು, ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ಬರೆಯಲು ಆಗದಿದ್ದರೆ ಸಮಿತಿಯವರೇ ಸಹಾಯ ಮಾಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರ ತನಕ ಬೇರೆ ಕಡೆ ಹಾಕಿ ಅಂತಲೋ, ರಜೆ ಕೊಡಿ ಅಂತಲೋ ಅವಳು ಬರೆದು ಕೇಳಬಹುದು. ರಾಜಿ ಮಾತು ಅವಳಾಗಿ ಕೇಳಿದರೆ ಮಾತ್ರ, ಅದೂ ಸಮಿತಿಯ ಮೂಲಕ. ದುಡ್ಡಿನ ಮೇಲೆ ರಾಜಿ ಆಗುವ ಹಾಗಿಲ್ಲ. ಇಷ್ಟನ್ನು ಅವಳಿಗೆ ತಿಳಿಸು. ದೂರು ಕೊಡುವುದು, ಬಿಡುವುದು ಅವಳಿಗೆ ಬಿಟ್ಟದ್ದು. ಮೆಸೇಜ್ ಮಾತ್ರ ಅಳಿಸಬೇಡ ಅನ್ನು. ಅವಳ ಹೆಸರು ನಿನ್ನ ಬಾಯಿಂದ ಊಟದ ಟೇಬಲ್ಲಿನಲ್ಲಿ ಕೂಡ ಹೊರಗೆ ಬರಬಾರದು. ನನಗೂ ನೀನು ಹೇಳಿಲ್ಲ, ಒಳ್ಳೆಯದು ಮಾಡಿದೆ.

ಅವಳ ಹತ್ತಿರ ಮಾತಾಡಿದ ಮೇಲೆ ನನಗೆ ಫೋನ್ ಮಾಡು. ಐದು ಗಂಟೆಯ ತನಕ ಅಂಗಳದಲ್ಲಿ ಅಡಿಕೆ ಹರವಿರುತ್ತದೆ, ಆಮೇಲೆ ಒಳಗೇ ಇರುತ್ತೇನೆ. ಶನಿವಾರ ರಜೆ ಸಿಕ್ಕರೆ ಕುಮಟೆ ಮೇಲೆ ಬಾ, ಆದರೆ ದೇವಿಮನೆ ಘಟ್ಟವನ್ನು ಕತ್ತಲಾಗುವುದರೊಳಗೆ ಹತ್ತು. ತೊಡದೇವು ಮಾಡಿ ಡಬ್ಬಿ ತುಂಬಿಸಿಟ್ಟಿದ್ದೇನೆ.

ನಿನ್ನ
ಅತ್ತೆ